ಅಜ್ಜನ ಬಂಡಿಯ ಗಾಲಿ ಊಟದ ಮೇಜಾಗಲಿ, ಆದರೆ ಗುಂಬಕ್ಕೆ ಗರಗಸ ಹಾಕಿಸಬೇಡಿ

ನಿಮ್ಮ ಪ್ರಶ್ನೆ ಓದಿದೆ. ಚಿತ್ತಾಪುರದ ಊರಮನೆಯ ಹಿತ್ತಲಲ್ಲಿ ಅಜ್ಜನ ಬಂಡಿ ಮಳೆಗೆ ನೆನೆಯುತ್ತಾ ನಿಂತಿದೆ, ಕಲಬುರಗಿಯ ಹೊಸ ಮನೆಗೆ ಅದರ ಒಂದು ಗಾಲಿಯಿಂದ ಗಾಜಿನ ಊಟದ ಮೇಜು ಮಾಡಿಸುವ ಆಸೆ, ಗಾಜು ಸಮನಾಗಿ ಕೂರಲು ಗುಂಬವನ್ನು, ಅಂದರೆ ಗಾಲಿಯ ನಡುವೆ ಅಚ್ಚು ತೂರುವ ದಪ್ಪ ಮರದ ದಿಂಡನ್ನು, ಎರಡೂ ಕಡೆ ಕೊಯ್ಯಬೇಕೆಂದು ಬಡಿಗರು ಹೇಳುತ್ತಿದ್ದಾರೆ, ಹುಳುವಿನ ಭಯವೂ ಇದೆ ಎಂದು ಬರೆದಿದ್ದೀರಿ. ಬೇರೆಲ್ಲ ಆಮೇಲೆ, ಮೊದಲು ಗುಂಬದ ವಿಷಯ. ದಯವಿಟ್ಟು ಅದನ್ನು ಕೊಯ್ಯಿಸಬೇಡಿ.

ಇದು ಬರೀ ಭಾವನೆಯ ಮಾತಲ್ಲ. ಗುಂಬದ ಎರಡೂ ತುದಿಗಳಲ್ಲಿ ಕಬ್ಬಿಣದ ಬಳೆಗಳಿರುತ್ತವೆ, ನೋಡಿ. ಆರೆಕಾಲುಗಳು, ಅಂದರೆ ಗುಂಬದಿಂದ ಹೊರಸುತ್ತಿಗೆ ಚಾಚುವ ಕಡ್ಡಿಗಳು, ನಡುಭಾಗದ ತೂತುಗಳಲ್ಲಿ ಕೂತಿರುತ್ತವೆ. ಕಮ್ಮಾರರು ಹೊರಗಿನ ಹಳಿಯನ್ನು, ಅಂದರೆ ಕಬ್ಬಿಣದ ಪಟ್ಟಿಯನ್ನು, ಕೆಂಡದಂತೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ದಾಗ ಅದು ಕುಗ್ಗಿ ಇಡೀ ಗಾಲಿಯನ್ನು ಒಳಕ್ಕೆ ಬಿಗಿಯುತ್ತದೆ. ಆ ಬಿಗಿತವೆಲ್ಲ ಆರೆಕಾಲುಗಳ ಮೂಲಕ ಬಂದು ಗುಂಬದ ಮೇಲೆಯೇ ನಿಲ್ಲುತ್ತದೆ. ಅಷ್ಟು ತೂತುಗಳಿರುವ ಮರ ಸೀಳದೆ ಉಳಿದಿರುವುದು ಆ ಬಳೆಗಳಿಂದ. ಬಳೆಯ ಸಮೇತ ತುದಿ ಕತ್ತರಿಸಿದರೆ ಗುಂಬಕ್ಕೆ ಹಿಡಿತವೇ ಇರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಅದು ಬಿರುಕು ಬಿಡುತ್ತದೆ, ಒಂದೊಂದೇ ಆರೆಕಾಲು ಸಡಿಲವಾಗುತ್ತದೆ. ಆಮೇಲೆ ಅಜ್ಜನ ಗಾಲಿ ಎಂದು ತೋರಿಸಲು ಉಳಿಯುವುದು ಮರದ ತುಂಡುಗಳು.

ಗುಂಬ ಉಳಿಸಿಕೊಂಡೇ ಮೇಜು ಮಾಡಲು ಎರಡು ದಾರಿಗಳಿವೆ. ಒಂದು, ವಟ್ಟದ (ಗಾಲಿಯ ಹೊರಸುತ್ತಿನ ಮರದ) ಮೇಲೆ ಅಲ್ಲಲ್ಲಿ ಮರದ ಗಟ್ಟಿಗಳನ್ನಿಟ್ಟು ಗಾಜನ್ನು ಗುಂಬಕ್ಕಿಂತ ಮೇಲಕ್ಕೆ ಎತ್ತುವುದು. ನೋಡಲು ಚೆನ್ನ, ಆದರೆ ಗಾಜಿನ ಕೆಳಗೆ ಧೂಳು ಕೂರುತ್ತದೆ, ಕೈ ಹೋಗುವುದಿಲ್ಲ. ನನಗೆ ಇಷ್ಟವಾಗುವುದು ಇನ್ನೊಂದು: ಗಾಜಿನ ನಡುವೆ ದುಂಡನೆಯ ತೂತು ಕೊರೆಸಿ ಗುಂಬವನ್ನು ಅದರೊಳಗಿಂದ ಮೇಲೆ ಬರಲು ಬಿಡುವುದು. ನಮ್ಮ ಮನೆಯಲ್ಲಿ ಇರುವುದು ಇದೇ. ರೊಟ್ಟಿ ಬುಟ್ಟಿ, ಪಲ್ಯದ ಪಾತ್ರೆ, ಶೇಂಗಾ ಹಿಂಡಿಯ ಬಟ್ಟಲು ಎಲ್ಲವೂ ಗುಂಬದ ಸುತ್ತ ಕೂರುತ್ತವೆ, ಯಾರಿಗೂ ಅಡ್ಡವಾಗುವುದಿಲ್ಲ. ಕೆಳಗೆ ಇಳಿದ ಅರ್ಧ ಗುಂಬ ನಡುವಿನಲ್ಲೇ ಇರುವುದರಿಂದ ಮೊಣಕಾಲಿಗೂ ತಗಲುವುದಿಲ್ಲ.

ಗಾಜು ಟಫನ್ಡ್, ಅಂದರೆ ಕಾಯಿಸಿ ಹದಗೊಳಿಸಿ ಗಟ್ಟಿ ಮಾಡಿದ್ದು ಆಗಿರಲಿ, 12 ಮಿ.ಮೀ. ದಪ್ಪವಿರಲಿ. ಈ ಗಾಜನ್ನು ಹದಗೊಳಿಸಿದ ಮೇಲೆ ಕತ್ತರಿಸಲೂ ಆಗದು, ಕೊರೆಯಲೂ ಆಗದು. ಪ್ರಯತ್ನಿಸಿದರೆ ಪುಡಿಪುಡಿಯಾಗುತ್ತದೆ. ಆದ್ದರಿಂದ ತೂತಿನ ಅಳತೆಯನ್ನು ಮೊದಲೇ ಕೊಡಬೇಕು. ಹಳೆಯ ಗುಂಬ ಎಂದೂ ಸರಿಯಾದ ದುಂಡಗೆ ಇರುವುದಿಲ್ಲ, ಅತ್ಯಂತ ಅಗಲವಾದ ಕಡೆ ಅಳೆದು ಸುತ್ತಲೂ ಒಂದು ಬೆರಳಿನಷ್ಟು ಜಾಗ ಬಿಡಿ. ನಾಲ್ಕು ಅಡಿ ಅಗಲದ ದುಂಡು ಗಾಜು ಸುಮಾರು 35 ಕಿಲೋ ತೂಗುತ್ತದೆ, ಹೊರಲು ಜನ ಇರಲಿ. ಗಾಜಿಗೂ ಮರಕ್ಕೂ ನಡುವೆ ಸಿಲಿಕೋನ್ ಗುಂಡಿಗಳನ್ನು ಅಂಟಿಸಿ.

ಗಾಜಿನ ಬದಲು ಶಹಾಬಾದ್ ಕಲ್ಲು ಹಾಕಿ ಎಂದು ನಿಮ್ಮ ಪ್ರಶ್ನೆಗೆ ಉತ್ತರಿಸಿದ ಇನ್ನೊಬ್ಬರು ಹೇಳಿದ್ದಾರೆ. ನಮ್ಮ ಜಿಲ್ಲೆಯದೇ ಕಲ್ಲು, ನನಗೂ ಅದರ ಮೇಲೆ ಪ್ರೀತಿ. ಆದರೆ ಒಂದಿಂಚು ದಪ್ಪದ, ಇದೇ ಅಳತೆಯ ಕಲ್ಲು 70 ಕಿಲೋ ದಾಟುತ್ತದೆ, ಮೇಲಾಗಿ ಅದು ಸುಣ್ಣದ ಕಲ್ಲು. ಹುಣಸೆ ಸಾರು, ನಿಂಬೆರಸ ಚೆಲ್ಲಿದಲ್ಲೆಲ್ಲ ಕಲೆ ನಿಲ್ಲುತ್ತದೆ. ಅದರ ಚಿಕ್ಕ ತುಂಡುಗಳನ್ನು ಮೇಜಿನ ಕಾಲುಗಳ ಕೆಳಗೆ ಇಡಿ. ನೆಲ ತೊಳೆದ ನೀರು ಕಾಲಿಗೆ ತಾಗುವುದಿಲ್ಲ, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುತ್ತದೆ.

ಕಾಲುಗಳಿಗಾಗಿ ವಟ್ಟಕ್ಕೆ ತೂತು ಕೊರೆದು ಬೋಲ್ಟ್ ಹಾಕಿಸಬೇಡಿ. ವೆಲ್ಡಿಂಗ್‌ನವರಿಂದ ಗಾಲಿಯಷ್ಟೇ ಅಗಲದ ಕಬ್ಬಿಣದ ಬಳೆ ಮಾಡಿಸಿ ಅದಕ್ಕೆ ಕಾಲು ಕೊಡಿಸಿ. ಗಾಲಿ ತನ್ನ ಭಾರದಿಂದಲೇ ಅದರ ಮೇಲೆ ಕೂರುತ್ತದೆ, ಜಾರದಂತೆ ನಾಲ್ಕು ಕಡೆ ಹಿಡಿಕೆ ಇದ್ದರೆ ಸಾಕು. ನೆಲದಿಂದ ಗಾಜಿನ ಮೇಲ್ಮೈವರೆಗೆ 30 ಇಂಚು ಬರಲಿ. ಮುಂದೆ ಮಕ್ಕಳಿಗೆ ಮೇಜು ಬೇಡವೆನಿಸಿದರೂ ಗಾಲಿ ಗಾಲಿಯಾಗಿಯೇ ಉಳಿದಿರುತ್ತದೆ.

ಕೆಲಸಕ್ಕೆ ಮುನ್ನ ಗಾಲಿ ಒಣಗಬೇಕು. ಬಿಸಿಲಿಗೆ ಒಡ್ಡಬೇಡಿ, ಗಾಳಿಯಾಡುವ ನೆರಳಿನಲ್ಲಿ, ನೆಲಕ್ಕೆ ತಾಗದಂತೆ ನಿಲ್ಲಿಸಿ. ಒಣಗಿದಂತೆ ಆರೆಕಾಲುಗಳು ಅಲುಗಾಡತೊಡಗಿದರೆ ಹೆದರಬೇಡಿ. ಬೇಸಿಗೆಯಲ್ಲಿ ಸಡಿಲವಾದ ಗಾಲಿಯನ್ನು ಹಿರಿಯರು ನೀರಿನಲ್ಲಿ ನೆನೆಹಾಕಿ ಬಿಗಿ ಮಾಡುತ್ತಿದ್ದರು. ಮನೆಯೊಳಗಿನ ಮೇಜಿಗೆ ಆ ಉಪಾಯ ನಡೆಯುವುದಿಲ್ಲ, ಮರ ಮತ್ತೆ ಒಣಗಿ ಕುಗ್ಗುತ್ತದೆ. ಪೂರ್ತಿ ಒಣಗಿದ ಮೇಲೆ ಜಾಲಿ ಮರದ ತೆಳು ಬೆಣೆಗಳನ್ನು ಸಂದಿಗೆ ಬಡಿಸಿ. ಮೊಳೆ ಬೇಡ. ಕಬ್ಬಿಣದ ಸುತ್ತ ಮರ ಕಪ್ಪಾಗಿರುವುದನ್ನು ಕಂಡು ಕೊಳೆತಿದೆ ಎಂದುಕೊಳ್ಳಬೇಡಿ. ಜಾಲಿಯ ಒಗರಿಗೂ ಕಬ್ಬಿಣಕ್ಕೂ ಸೇರಿ ಬರುವ ಬಣ್ಣ ಅದು. ಚಾಕುವಿನ ಮೊನೆ ಒತ್ತಿ ನೋಡಿ, ಒಳಗೆ ಇಳಿಯದಿದ್ದರೆ ಮರ ಗಟ್ಟಿಯಾಗಿದೆ.

ಹುಳುವಿನ ಮಾತು. ಮಣ್ಣಿನ ಗೆರೆಗಳಿದ್ದರೆ ಗೆದ್ದಲು, ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕೊರೆಹುಳು. ಹೊಲಕ್ಕೆ ತಂದ ಕ್ಲೋರ್‌ಪೈರಿಫಾಸ್ ಕೀಟನಾಶಕ ಮನೆಯಲ್ಲಿ ಉಳಿದಿದೆ ಎಂದು ಅದನ್ನು ಮಾತ್ರ ಬಳಿಯಬೇಡಿ, ಅದು ಊಟ ಮಾಡುವ ಜಾಗ. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬೋರಾಕ್ಸ್, 40 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಕೈಗವಸು ಹಾಕಿಕೊಂಡು ಬರಿಯ ಮರಕ್ಕೆ ಎರಡು ಮೂರು ಸಲ ಹಚ್ಚಿ. ತೂತುಗಳೊಳಗೂ ಇಳಿಯಲಿ. ಎಣ್ಣೆ, ವಾರ್ನಿಷ್ ಹಚ್ಚಿದ ಮೇಲೆ ಇದು ಒಳಗಿಳಿಯುವುದಿಲ್ಲ, ಹಾಗಾಗಿ ಇದು ಮೊದಲು.

ಅದಕ್ಕೂ ಮುಂಚೆ ಬಣ್ಣ ತೆಗೆಯುವ ಕೆಲಸವಿದೆ. ಎತ್ತು ಬಂಡಿಗಳನ್ನು ಸಿಂಗರಿಸುವ ಕಾರಹುಣ್ಣಿಮೆ ಹಬ್ಬಕ್ಕೆ ಬಳಿದ ಬಣ್ಣಗಳು ಪದರ ಪದರವಾಗಿ ಉಳಿದಿರುತ್ತವೆ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು 90 ಪಿಪಿಎಂಗೆ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿಗೊಳಿಸಿದ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಹಳೆಯ ಬಣ್ಣದಲ್ಲಿ ಸೀಸವಿದೆ ಎಂದೇ ತಿಳಿದು, ಒಣ ಉಜ್ಜುಕಾಗದ ಹಾಕದೆ ನೀರು ಚಿಮುಕಿಸಿಕೊಂಡು ಉಜ್ಜಿ, ಮಾಸ್ಕ್ ಧರಿಸಿ. ಮಕ್ಕಳು ಹತ್ತಿರ ಬರಬಾರದು.

ಗುಂಬದೊಳಗಿನ ಕೀಲೆಣ್ಣೆ ಬೇಸಿಗೆಯಲ್ಲಿ ಜಿನುಗುತ್ತದೆ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಮುಲ್ತಾನಿ ಮಿಟ್ಟಿ ಮೆತ್ತಿ, ಒಣಗಿದ ಮೇಲೆ ತೆಗೆಯಿರಿ. ಜಿಡ್ಡು ನಿಲ್ಲುವವರೆಗೂ ಹೀಗೇ ಮಾಡಬೇಕಾಗುತ್ತದೆ.

ಕೊನೆಗೆ ಕುದಿಸಿದ ಅಗಸೆ ಎಣ್ಣೆ, ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಎಂದೇ ಕೇಳಿ. ತೆಳ್ಳಗೆ ಹಚ್ಚಿ, ಉಳಿದದ್ದನ್ನು ಒರೆಸಿಬಿಡಿ. ಔಡಲ ಎಣ್ಣೆ, ಶೇಂಗಾ ಎಣ್ಣೆ ಬೇಡ, ಅವು ಗಟ್ಟಿಯಾಗಿ ಒಣಗುವುದಿಲ್ಲ. ಇಲ್ಲೊಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಿಕೊಳ್ಳಬಹುದು. ನಮ್ಮ ಊರಿನ ಸೆಖೆಯಲ್ಲಿ ಇದನ್ನು ಹಗುರವಾಗಿ ಎಣಿಸಬೇಡಿ. ನೀರಿನಲ್ಲಿ ಮುಳುಗಿಸಿ, ಆಮೇಲೆ ಬಿಡಿಸಿ ಹರವಿ.

ಉಳಿದ ಬಂಡಿಯನ್ನು ಗುಜರಿಗೆ ಕೊಡುತ್ತೇನೆಂದು ಚಿಕ್ಕಪ್ಪ ಹೇಳುತ್ತಿದ್ದಾರೆ ಎಂದಿರಿ. ಅವರೊಡನೆ ಕೂತು ಮಾತನಾಡಿ. ಎಳ್ಳ ಅಮಾವಾಸ್ಯೆಗೆ ಚರಗ (ಭೂತಾಯಿಗೆ ಎಡೆ) ಚೆಲ್ಲಲು ಮನೆಮಂದಿಯನ್ನೆಲ್ಲ ಹೊಲಕ್ಕೆ ಕರೆದೊಯ್ದ ಬಂಡಿ ಅದು, ಅವರ ಬಾಲ್ಯವೂ ಅದರ ಮೇಲೆಯೇ ಕಳೆದಿದೆ. ಎರಡನೆಯ ಗಾಲಿಯನ್ನು ಅವರ ಪಾಲಿಗೆ ಬಿಡಿ. ನೊಗವನ್ನು ಗೋಡೆಗೆ ಅಡ್ಡಲಾಗಿ ಕೂರಿಸಿ ಬಟ್ಟೆ ತೂಗುಹಾಕಲು ಗೂಟ ಹೊಡೆಸಬಹುದು. ಎತ್ತಿನ ಹೆಗಲು ತಾಗಿ ತಾಗಿ ನುಣುಪಾದ ಎರಡು ತಗ್ಗುಗಳಿರುತ್ತವಲ್ಲ, ಅಲ್ಲಿ ಉಜ್ಜುಕಾಗದ ಮುಟ್ಟಿಸಬೇಡಿ. ಆ ನುಣುಪು ಯಾವ ಪಾಲಿಶ್‌ಗೂ ಬರುವುದಿಲ್ಲ. ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವ ಕಡಾಣಿಗಳನ್ನು ಅಕ್ಕತಂಗಿಯರಿಗೆ ಕೊಡಿ, ಚಿಕ್ಕ ವಸ್ತು, ಎಲ್ಲಿಯಾದರೂ ಇಟ್ಟುಕೊಳ್ಳುತ್ತಾರೆ.

ಬಡಿಗರನ್ನು ಮತ್ತೆ ಕರೆಸುವ ಮುನ್ನ ಮೂರು ಅಳತೆ ಬರೆದು ಇಲ್ಲಿ ಹಾಕಿ: ಹಳಿಯಿಂದ ಹಳಿಗೆ ಗಾಲಿಯ ಅಗಲ, ಗುಂಬದ ಪೂರ್ತಿ ಉದ್ದ, ವಟ್ಟದಿಂದ ಗುಂಬ ಮೇಲಕ್ಕೆ ಎಷ್ಟು ಚಾಚಿದೆ. ಗುಂಬದ ಎರಡೂ ತುದಿಗಳ ಚಿತ್ರವೂ ಇರಲಿ. ಕಬ್ಬಿಣದ ಬಳೆಯ ನಕ್ಷೆಯನ್ನು ನಾನು ಬರೆದುಕೊಡುತ್ತೇನೆ.