ಸಂಪಾದಕರ ಉತ್ತರ: ಮತ ಕೊಡಲಾಗದವರ ಪರವಾಗಿ ಎದ್ದು ನಿಂತವರು

ಕಳೆದ ಸಂಚಿಕೆಯಲ್ಲಿ ವರ್ಣಭೇದ ಆಳ್ವಿಕೆಯ ಕಾಲದ ದಕ್ಷಿಣ ಆಫ್ರಿಕಾದಲ್ಲಿ ವಿರೋಧ ಪಕ್ಷದ ಸಂಸದೆಯಾಗಿದ್ದ ಹೆಲೆನ್ ಸುಜ್ಮನ್ ಅವರ ಬಗ್ಗೆ ಪ್ರಕಟವಾದ ಲೇಖನವನ್ನು ಓದಿ, ಅಥಣಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ: "ವಿರೋಧ ಪಕ್ಷದಲ್ಲಿ ಕುಳಿತಾಗ ಎಲ್ಲರಿಗೂ ಪ್ರಜಾಪ್ರಭುತ್ವ ನೆನಪಾಗುತ್ತದೆ. ಅಲ್ಪಸಂಖ್ಯಾತರ ಪರ ಮಾತನಾಡುವುದೆಲ್ಲ ಮತಕ್ಕಾಗಿ. ಆ ಹೆಣ್ಣುಮಗಳು ಅಷ್ಟು ವರ್ಷ ಒಬ್ಬಳೇ ವಿರೋಧಿಸಿದಳು ಎಂದು ಹೊಗಳಿದ್ದೀರಿ. ಒಂದು ಕಾನೂನನ್ನಾದರೂ ತಡೆದಳೇ? ಕಬ್ಬಿನ ಬಾಕಿ, ಕೃಷ್ಣೆಯ ಪ್ರವಾಹ ಬಿಟ್ಟು ಪರದೇಶದ ರಾಜಕಾರಣಿಗೆ ಇಷ್ಟೊಂದು ಪುಟ ಏಕೆ?"

ಗುರುಗಳೇ,

ತಮ್ಮ ಪತ್ರದಲ್ಲಿ ಸಿಟ್ಟಿದೆ. ಆ ಸಿಟ್ಟಿನ ಹಿಂದೆ ರಾಜಕಾರಣಿಗಳನ್ನು ನಂಬಿ ನಂಬಿ ಸೋತ ಅನುಭವವಿದೆ. ಅದನ್ನು ನಾನು ಗೌರವಿಸುತ್ತೇನೆ. ನಮ್ಮ ಭಾಗದಲ್ಲಿ ಚುನಾವಣೆಗೆ ಮುಂಚೆ ಮಠಕ್ಕೂ ದರ್ಗಕ್ಕೂ ಹೋಗಿ ಕೈಮುಗಿದವರು, ಗೆದ್ದ ಮೇಲೆ ಊರೊಳಗೆ ಗಲಾಟೆಯಾದಾಗ ಫೋನ್ ಕೂಡ ಎತ್ತದಿರುವುದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ. ಆದರೂ ನಿಮ್ಮ ತೀರ್ಮಾನವನ್ನು ಒಪ್ಪುವುದು ನನ್ನಿಂದ ಸಾಧ್ಯವಿಲ್ಲ. ಏಕೆ ಎಂಬುದನ್ನು ವಿವರವಾಗಿಯೇ ಹೇಳಬೇಕು.

ಮೊದಲು ಮತದ ಮಾತು. ಸುಜ್ಮನ್ ಅವರನ್ನು ಆರಿಸಿ ಕಳುಹಿಸುತ್ತಿದ್ದದ್ದು ಜೊಹಾನೆಸ್‌ಬರ್ಗ್ ನಗರದ ಹೌಟನ್ ಕ್ಷೇತ್ರ. ಅದು ಶ್ರೀಮಂತ ಬಿಳಿಯರ ಬಡಾವಣೆ. ಅಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಬಿಳಿಯರು ಮಾತ್ರ. ಸುಜ್ಮನ್ ಯಾರ ಪರವಾಗಿ ಸದನದಲ್ಲಿ ಮಾತನಾಡಿದರೋ ಆ ಕರಿಯರಿಗೆ, ಭಾರತೀಯ ಮೂಲದವರಿಗೆ, ಮಿಶ್ರ ಮೂಲದವರಿಗೆ ಆ ಸಂಸತ್ತಿನ ಸದಸ್ಯರನ್ನು ಆರಿಸುವ ಹಕ್ಕು ಇರಲಿಲ್ಲ, ಅಥವಾ ಇದ್ದದ್ದನ್ನೂ ಕಿತ್ತುಕೊಳ್ಳಲಾಗಿತ್ತು. ಅವರ ಪರ ಒಂದು ಮಾತು ಆಡಿದರೆ ಒಂದು ಮತವೂ ಹೆಚ್ಚುವಂತಿರಲಿಲ್ಲ, ಕಳೆದುಕೊಳ್ಳುವ ಭಯ ಮಾತ್ರ ಇತ್ತು. 1959ರಲ್ಲಿ ಅವರು ಮತ್ತು ಜೊತೆಗಾರರು ಯುನೈಟೆಡ್ ಪಾರ್ಟಿಯಿಂದ ಹೊರಬಂದು ಪ್ರೋಗ್ರೆಸಿವ್ ಪಾರ್ಟಿ ಕಟ್ಟಿದರು. 1961ರ ಚುನಾವಣೆಯಲ್ಲಿ ಆ ಗುಂಪಿನ ಉಳಿದವರೆಲ್ಲ ಸೋತರು. ಸುಜ್ಮನ್ ಒಬ್ಬರೇ, ಅದೂ ಕೆಲವೇ ನೂರು ಮತಗಳ ಅಂತರದಿಂದ, ಉಳಿದುಕೊಂಡರು. ಅಲ್ಲಿಂದ 1974ರವರೆಗೆ ಆ ಸದನದಲ್ಲಿ ಅವರ ಪಕ್ಷಕ್ಕೆ ಇದ್ದದ್ದು ಒಂದೇ ಕುರ್ಚಿ.

ಮತಕ್ಕಾಗಿ ಮಾತನಾಡುವವರನ್ನು ಗುರುತಿಸುವ ಒಂದು ಅಳತೆಗೋಲು ಇಲ್ಲಿ ಸಿಗುತ್ತದೆ. ತನಗೆ ಮತ ಹಾಕಲಾರದವರ ಪರವಾಗಿ, ತನಗೆ ಮತ ಹಾಕುವವರ ಅಸಮಾಧಾನವನ್ನು ಕಟ್ಟಿಕೊಂಡು ಒಬ್ಬ ಜನಪ್ರತಿನಿಧಿ ನಿಲ್ಲುತ್ತಾನೆಯೇ? ನಮ್ಮ ಶಾಸಕರನ್ನೂ ಇದರಿಂದಲೇ ಅಳೆಯೋಣ. ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ ಆಡಿದ ಮಾತನ್ನು ಆಡಳಿತದ ಸಾಲಿಗೆ ಬಂದ ಮೇಲೆ ಉಳಿಸಿಕೊಂಡರೇ ಎಂದು ಕೇಳೋಣ. ಆದರೆ ಮಾತನಾಡುವ ಮೊದಲೇ "ಇದೆಲ್ಲ ಮತಕ್ಕಾಗಿ" ಎಂದು ಬಾಯಿ ಮುಚ್ಚಿಸಿದರೆ, ನಾಳೆ ಪ್ರಾಮಾಣಿಕರೊಬ್ಬರು ಎದ್ದು ನಿಂತಾಗಲೂ ನಮಗೆ ಕೇಳಿಸಿಕೊಳ್ಳುವ ಕಿವಿ ಉಳಿದಿರುವುದಿಲ್ಲ. ಇನ್ನೊಂದು ಮಾತು. ಮತದ ಆಸೆಯಿಂದಲೇ ಒಬ್ಬ ಶಾಸಕ, ವಿಚಾರಣೆಯಿಲ್ಲದೆ ಠಾಣೆಯಲ್ಲಿ ಕೂಡಿಹಾಕಿದ ಬಡವನ ಬಗ್ಗೆ ಪ್ರಶ್ನೆ ಕೇಳಿದ ಎಂದುಕೊಳ್ಳಿ. ಆ ಬಡವ ಬಿಡುಗಡೆಯಾಗುವುದು ತಪ್ಪೇ? ಆಸೆ ಶಾಸಕನದು, ಹಕ್ಕು ಒಳಗಿರುವವನದು.

ಈಗ "ಒಂದು ಕಾನೂನನ್ನಾದರೂ ತಡೆದಳೇ" ಎಂಬ ಪ್ರಶ್ನೆ. ಇದು ಗಟ್ಟಿ ಪ್ರಶ್ನೆ. ತಡೆಯಲಿಲ್ಲ. 1963ರಲ್ಲಿ, ಆರೋಪವಿಲ್ಲದೆ, ವಕೀಲರ ಭೇಟಿಯಿಲ್ಲದೆ ಯಾರನ್ನಾದರೂ ತೊಂಬತ್ತು ದಿನ ಬಂಧನದಲ್ಲಿಡುವ ಅಧಿಕಾರವನ್ನು ಪೊಲೀಸರಿಗೆ ಕೊಡುವ ಮಸೂದೆ ಬಂತು. ಅಧಿಕೃತ ವಿರೋಧ ಪಕ್ಷವಾಗಿದ್ದ ಯುನೈಟೆಡ್ ಪಾರ್ಟಿಯೂ ಸರ್ಕಾರದ ಜೊತೆ ನಿಂತಿತು. ಇಡೀ ಸದನದಲ್ಲಿ ವಿರೋಧಿಸಿದವರು ಸುಜ್ಮನ್ ಒಬ್ಬರೇ. ಮಸೂದೆ ಕಾನೂನಾಯಿತು. ಬಂಧನದ ಅವಧಿ ಮುಂದೆ ನೂರೆಂಬತ್ತು ದಿನವಾಯಿತು, 1967ರ ಭಯೋತ್ಪಾದನಾ ಕಾಯ್ದೆಯಲ್ಲಿ ಅದಕ್ಕೆ ಮಿತಿಯೇ ಇಲ್ಲವಾಯಿತು.

ಹಾಗಾದರೆ ಅವರು ಮಾಡಿದ್ದೇನು? ಪ್ರಶ್ನೆ ಕೇಳಿದರು. ಅಧಿವೇಶನದಿಂದ ಅಧಿವೇಶನಕ್ಕೆ, ಬೇಸರಪಡದೆ, ಅಂಕಿಅಂಶ ಕೇಳಿದರು. ಕರಿಯರು ಗುರುತಿನ ಪತ್ರವಿಲ್ಲದೆ ಓಡಾಡಬಾರದೆಂಬ ಪಾಸ್ ಕಾನೂನಿನಡಿ ಎಷ್ಟು ಜನರನ್ನು ಬಂಧಿಸಿದ್ದೀರಿ? ಬಂಧನದಲ್ಲಿ ಎಷ್ಟು ಜನ ಸತ್ತಿದ್ದಾರೆ? ಯಾವ ಊರಿನಿಂದ ಎಷ್ಟು ಕುಟುಂಬಗಳನ್ನು ಎಬ್ಬಿಸಿದ್ದೀರಿ? ಕೇಪ್‌ಟೌನ್ ನಗರದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯನ್ನು 1966ರಲ್ಲಿ ಬಿಳಿಯರ ವಲಯವೆಂದು ಘೋಷಿಸಿ, ಮುಂದಿನ ವರ್ಷಗಳಲ್ಲಿ 60,000ಕ್ಕೂ ಹೆಚ್ಚು ಜನರನ್ನು ಹೊರಹಾಕಿದ ಕಾಲ ಅದು. ಮಂತ್ರಿಗಳು ಉತ್ತರ ಕೊಡಲೇಬೇಕಿತ್ತು. ನಿಮ್ಮ ಪ್ರಶ್ನೆಗಳಿಂದ ದೇಶಕ್ಕೆ ಮುಜುಗರವಾಗುತ್ತಿದೆ ಎಂದು ಒಬ್ಬ ಮಂತ್ರಿ ರೇಗಿದಾಗ, ಮುಜುಗರ ತರುತ್ತಿರುವುದು ನನ್ನ ಪ್ರಶ್ನೆಗಳಲ್ಲ, ನಿಮ್ಮ ಉತ್ತರಗಳು ಎಂದು ಅವರು ಹೇಳಿದ್ದು ಪ್ರಸಿದ್ಧವಾಗಿದೆ.

ಇಲ್ಲಿ ಪತ್ರಿಕೆಯವನಾಗಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ. ಆ ದೇಶದಲ್ಲಿ ಜೈಲುಗಳ ಒಳಗಿನ ಸಂಗತಿಯನ್ನು ಬರೆದರೆ ಪತ್ರಿಕೆಯ ಮೇಲೆ ಮೊಕದ್ದಮೆ ಬೀಳುತ್ತಿತ್ತು. ನಿಷೇಧಕ್ಕೊಳಗಾದ ವ್ಯಕ್ತಿಯ ಮಾತನ್ನು ಅಚ್ಚುಹಾಕುವಂತಿರಲಿಲ್ಲ. ಆದರೆ ಸಂಸತ್ತಿನಲ್ಲಿ ಆಡಿದ ಮಾತನ್ನು ವರದಿ ಮಾಡಬಹುದಿತ್ತು. ಸುಜ್ಮನ್ ಎದ್ದು ನಿಂತು ಒಂದು ಸತ್ಯವನ್ನು ಸದನದ ಕಡತಕ್ಕೆ ಸೇರಿಸಿದರೆ, ಮರುದಿನ ಅದು ಪತ್ರಿಕೆಗೆ ಬರುತ್ತಿತ್ತು. ಸದಸ್ಯರೊಬ್ಬರು ಬಾಗಿಲು ತೆರೆದರೆ ಇಡೀ ದೇಶದ ಪತ್ರಿಕೆಗಳು ಅದರ ಮೂಲಕ ಒಳಗೆ ನೋಡಬಹುದಿತ್ತು.

ನಮ್ಮ ದೇಶದಲ್ಲೂ ಈ ಬಾಗಿಲಿಗೆ ಒಂದು ಚರಿತ್ರೆ ಇದೆ. ಸಂಸತ್ತಿನ ಕಲಾಪವನ್ನು ದುರುದ್ದೇಶವಿಲ್ಲದೆ, ಬಹುಮಟ್ಟಿಗೆ ಸತ್ಯವಾಗಿ ವರದಿ ಮಾಡಿದ ಪತ್ರಿಕೆಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ಕಾನೂನು 1956ರಲ್ಲಿ ಬಂತು. ಅದನ್ನು ಖಾಸಗಿ ಸದಸ್ಯರ ಮಸೂದೆಯಾಗಿ ತಂದವರು ಫಿರೋಜ್ ಗಾಂಧಿ. ಅವರು ಆಡಳಿತ ಪಕ್ಷದವರೇ, ಆದರೆ ಸ್ವಂತ ಸರ್ಕಾರವನ್ನೇ ಪ್ರಶ್ನಿಸಿದವರು. ಜೀವ ವಿಮಾ ನಿಗಮದ ಹಣ ಉದ್ಯಮಿ ಹರಿದಾಸ ಮುಂದ್ರಾ ಅವರ ಕಂಪನಿಗಳಿಗೆ ಹೋದ ಹಗರಣವನ್ನು ಅವರು ಲೋಕಸಭೆಯಲ್ಲಿ ಬಯಲಿಗೆಳೆದ ಪರಿಣಾಮವಾಗಿ 1958ರಲ್ಲಿ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ತುರ್ತು ಪರಿಸ್ಥಿತಿ ಬಂದಾಗ ಸರ್ಕಾರ ರದ್ದುಪಡಿಸಿದ ಕಾನೂನುಗಳಲ್ಲಿ ಫಿರೋಜ್ ತಂದ ಈ ಕಾನೂನೂ ಒಂದು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನ ಸೆರೆಮನೆಯಲ್ಲಿದ್ದರು. ಹೊರಗೆ ಉಳಿದವರು ಸದನದಲ್ಲಿ ಮಾತನಾಡಿದರೂ ಅದು ಜನರಿಗೆ ಮುಟ್ಟುವಂತಿರಲಿಲ್ಲ. 1977ರಲ್ಲಿ ಜನತಾ ಸರ್ಕಾರ ಕಾನೂನನ್ನು ಮರಳಿ ತಂದಿತು. ಮರುವರ್ಷ 44ನೇ ತಿದ್ದುಪಡಿಯ ಮೂಲಕ 361-ಎ ವಿಧಿಯಾಗಿ ಅದು ಸಂವಿಧಾನದೊಳಗೇ ಸೇರಿತು, ರಾಜ್ಯಗಳ ಶಾಸನಸಭೆಗಳಿಗೂ ಅನ್ವಯಿಸಿತು. ಸೆರೆಮನೆ ಕಂಡು ಬಂದವರು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದನ್ನೂ ನಾನು ಎಣಿಸುತ್ತೇನೆ.

ಹಲಗಾ-ಬಸ್ತವಾಡದ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ಬೆಳಗಾವಿಯ ಜನರ ಕಣ್ಣಿಗೆ ಬೀಳುವುದು ವಾಹನಗಳ ಸಾಲು, ಪೊಲೀಸ್ ಬಂದೋಬಸ್ತು, ಧರಣಿಯ ಪೆಂಡಾಲುಗಳು. ಸಭಾತ್ಯಾಗ, ಕೂಗಾಟ ಟಿವಿಯಲ್ಲಿ ಬರುತ್ತದೆ. ಆದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಮಂತ್ರಿ ಕೊಟ್ಟ ಲಿಖಿತ ಉತ್ತರದ ಅನುಬಂಧವನ್ನು ತೆರೆದು ಓದುವವರು ಬಹಳ ಕಡಿಮೆ. ತಾವು ಕೇಳಿದ ಕಬ್ಬಿನ ಬಾಕಿಯ ಲೆಕ್ಕವೂ ಅಲ್ಲಿಯೇ ಸಿಗುತ್ತದೆ. ಅದನ್ನು ಹೊರತೆಗೆಯುವುದೂ ಬಹುಪಾಲು ವಿರೋಧ ಪಕ್ಷದ ಸದಸ್ಯರೊಬ್ಬರ ಪ್ರಶ್ನೆಯೇ. ಪ್ರಶ್ನೆ ಕೇಳುವ ಹಕ್ಕು ಮೊಟಕಾದರೆ ಅಲ್ಪಸಂಖ್ಯಾತರಷ್ಟೇ ಅಲ್ಲ, ಅಥಣಿಯ ಕಬ್ಬು ಬೆಳೆಗಾರನೂ ಕಳೆದುಕೊಳ್ಳುತ್ತಾನೆ. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡುವುದು ನನಗೆ ಸಾಧ್ಯವಾಗಿಲ್ಲ.

1967ರಲ್ಲಿ ಸುಜ್ಮನ್ ರಾಬೆನ್ ದ್ವೀಪದ ಜೈಲಿಗೆ ಹೋದರು. ಹೋಗಿ ಕಣ್ಣಾರೆ ನೋಡಿ ಬರಬೇಕು ಎಂಬುದು ಅವರ ಪದ್ಧತಿ. ಕೈಯ ಮೇಲೆ ನಾಜಿಗಳ ಸ್ವಸ್ತಿಕ ಹಚ್ಚೆ ಹಾಕಿಸಿಕೊಂಡಿದ್ದ ಕಾವಲುಗಾರನೊಬ್ಬನ ಕ್ರೌರ್ಯದ ಬಗ್ಗೆ ನೆಲ್ಸನ್ ಮಂಡೇಲಾ ಅಧಿಕಾರಿಗಳ ಎದುರಿಗೇ ಅವರಿಗೆ ಹೇಳಿದರು. ಸುಜ್ಮನ್ ಆ ವಿಷಯವನ್ನು ಬಿಡಲಿಲ್ಲ. ಆ ಕಾವಲುಗಾರ ಅಲ್ಲಿಂದ ವರ್ಗವಾದ. ಸಾಮ್ರಾಜ್ಯವೇನೂ ಉರುಳಲಿಲ್ಲ. ಆದರೆ ಸುಣ್ಣದ ಗಣಿಯಲ್ಲಿ ದುಡಿಯುತ್ತಿದ್ದ ಕೈದಿಗಳ ಬೆನ್ನಿನ ಮೇಲಿನ ಒಂದು ಭಾರ ಇಳಿಯಿತು. ಇದು ಸಣ್ಣದು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಒಂಟಿ ವಿರೋಧ ಎಂದರೆ ವ್ಯರ್ಥ ಎಂದು ತಾವು ತಿಳಿದಂತಿದೆ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕೂ ಇಲ್ಲ ಎಂದು 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಐವರು ನ್ಯಾಯಮೂರ್ತಿಗಳ ಪೈಕಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನ ತೀರ್ಪು ಬರೆದರು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ಬಹುಮತದ ತೀರ್ಪನ್ನು ತಳ್ಳಿಹಾಕಿತು, ಖನ್ನಾ ಅವರದೇ ಸರಿ ಎಂದಿತು. 2017ರ ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ನಾಲ್ಕು ದಶಕ ತಡವಾಯಿತು, ನಿಜ. ಆದರೆ ಖನ್ನಾ ಅಂದು ಬರೆಯದೆ ಬಿಟ್ಟಿದ್ದರೆ ಎತ್ತಿಹಿಡಿಯಲು ಏನೂ ಇರುತ್ತಿರಲಿಲ್ಲ.

ಸುಜ್ಮನ್ ಅವರನ್ನು ದೇವತೆ ಮಾಡುವ ಉದ್ದೇಶ ನಮಗಿಲ್ಲ. ಅವರ ಪಕ್ಷ 1978ರವರೆಗೂ ಎಲ್ಲರಿಗೂ ಸಮಾನ ಮತ ಎನ್ನಲಿಲ್ಲ, ವಿದ್ಯೆ ಮತ್ತು ಆಸ್ತಿಯ ಅರ್ಹತೆಗೆ ಅಂಟಿಕೊಂಡಿತ್ತು. ದಕ್ಷಿಣ ಆಫ್ರಿಕಾದ ಮೇಲಿನ ಆರ್ಥಿಕ ದಿಗ್ಬಂಧನವನ್ನು ಅವರು ವಿರೋಧಿಸಿದರು. ಹೋರಾಟದಲ್ಲಿದ್ದ ಅನೇಕರಿಗೆ ಇದರಿಂದ ನೋವಾಯಿತು, ಆ ನೋವು ನ್ಯಾಯವಾದದ್ದೇ. ಬಿಡುಗಡೆ ತಂದವರು ಬೀದಿಯಲ್ಲಿ ಗುಂಡು ತಿಂದವರು, ಜೈಲಿನಲ್ಲಿ ಆಯುಷ್ಯ ಕಳೆದವರು. ಸದನದ ಒಳಗೆ ನಿಂತವರ ಪಾಲು ಅದಕ್ಕಿಂತ ಚಿಕ್ಕದು, ಆದರೆ ಅದೂ ಪಾಲೇ.

ಪರದೇಶದ ಮಾತೇಕೆ ಎಂಬುದಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಗಾಂಧೀಜಿ ಸತ್ಯಾಗ್ರಹವನ್ನು ಕಂಡುಕೊಂಡದ್ದು ಅದೇ ದಕ್ಷಿಣ ಆಫ್ರಿಕಾದಲ್ಲಿ, ಅಲ್ಲಿನ ಭಾರತೀಯ ಅಲ್ಪಸಂಖ್ಯಾತರ ಹಕ್ಕಿಗಾಗಿ ಹೋರಾಡುತ್ತ.

ತಮ್ಮ ಪತ್ರದ ಕೊನೆಯ ಹಾಳೆ ನನ್ನನ್ನು ಹೆಚ್ಚು ಕಾಡಿತು. ತಂಗಿಯನ್ನು ಮಹಾರಾಷ್ಟ್ರದ ಜತ್ತ ತಾಲ್ಲೂಕಿಗೆ ಕೊಟ್ಟಿದ್ದೀರಿ. ಅವರ ಮೊಮ್ಮಕ್ಕಳು ಓದುವ ಕನ್ನಡ ಶಾಲೆಗೆ ಶಿಕ್ಷಕರು ಸಾಲದು, ಪಠ್ಯಪುಸ್ತಕ ತಡವಾಗಿ ಬರುತ್ತದೆ ಎಂದು ಬರೆದು, "ನಮ್ಮವರ ಕಷ್ಟ ನಿಮಗೆ ಕಾಣುವುದಿಲ್ಲ, ಅಲ್ಪಸಂಖ್ಯಾತರದು ಮಾತ್ರ ಕಾಣುತ್ತದೆ" ಎಂದು ಮುಗಿಸಿದ್ದೀರಿ. ಗುರುಗಳೇ, ಜತ್ತದಲ್ಲಿ, ಅಕ್ಕಲಕೋಟೆಯಲ್ಲಿ, ದಕ್ಷಿಣ ಸೊಲ್ಲಾಪುರದಲ್ಲಿ ಅಲ್ಪಸಂಖ್ಯಾತರು ಯಾರು? ನಿಮ್ಮ ತಂಗಿಯ ಮನೆಯವರೇ. ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟುಕೊಂಡು ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಹೇಳಿತು. ಅದು ಟಿ. ಎಂ. ಎ. ಪೈ ಪ್ರತಿಷ್ಠಾನದ ಪ್ರಕರಣ, ಕರ್ನಾಟಕದಿಂದಲೇ ಹೋದದ್ದು. ಅಥಣಿಯಲ್ಲಿ ಬಹುಸಂಖ್ಯಾತರಾದ ನೀವು ಗಡಿ ದಾಟಿ ತಂಗಿಯ ಅಂಗಳಕ್ಕೆ ಕಾಲಿಟ್ಟರೆ ಭಾಷಾ ಅಲ್ಪಸಂಖ್ಯಾತರು. ಆ ಶಾಲೆಯನ್ನು ಕಾಯುವುದು ಸಂವಿಧಾನದ 29, 30ನೇ ವಿಧಿಗಳು, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುವ 350-ಎ ವಿಧಿ. ಇದೇ 30ನೇ ವಿಧಿಯೇ ವಿಜಯಪುರದ ಮುಸ್ಲಿಮರ ವಿದ್ಯಾಸಂಸ್ಥೆಯನ್ನೂ, ಬೆಳಗಾವಿಯ ಕ್ರೈಸ್ತರ ಶಾಲೆಯನ್ನೂ, ಖಾನಾಪುರದ ಮರಾಠಿ ಭಾಷಿಕರ ಶಾಲೆಯನ್ನೂ ಕಾಯುವುದು. ಒಂದು ಕಡೆ ಅದನ್ನು ಓಲೈಕೆ ಎಂದು ಜರೆದು, ಇನ್ನೊಂದು ಕಡೆ ಅದನ್ನೇ ನ್ಯಾಯ ಎಂದು ಬೇಡುವುದು ಆಗದ ಮಾತು. ನಾನು ಕನ್ನಡದ ಪತ್ರಿಕೆ ನಡೆಸುವವನು. ಗಡಿ ವಿವಾದದಲ್ಲಿ ನನ್ನ ನಿಲುವು ಏನೆಂದು ತಮಗೆ ಗೊತ್ತಿದೆ, ಅದರಲ್ಲಿ ಕೂದಲೆಳೆಯಷ್ಟೂ ಬದಲಾವಣೆಯಿಲ್ಲ. ನೆಲ ಕರ್ನಾಟಕದ್ದು ಎನ್ನುವುದಕ್ಕೂ, ಈ ನೆಲದ ಮರಾಠಿ ಮಗುವಿಗೆ ತನ್ನ ಭಾಷೆಯಲ್ಲಿ ಓದುವ ಹಕ್ಕಿದೆ ಎನ್ನುವುದಕ್ಕೂ ವಿರೋಧವಿಲ್ಲ.

ಮಹಾರಾಷ್ಟ್ರದ ಶಾಸನಸಭೆಯಲ್ಲಿ ಜತ್ತದ ಕನ್ನಡ ಶಾಲೆಯ ಪರವಾಗಿ ನಾಳೆ ಒಬ್ಬ ಸದಸ್ಯರು ಎದ್ದು ನಿಂತರೆ, ಅವರೂ ಮತಕ್ಕಾಗಿ ಮಾತನಾಡುತ್ತಿದ್ದಾರೆ ಎಂದು ಅಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗ ನೀವು ಯಾರ ಪರ ಇರುತ್ತೀರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆ ಶಾಲೆಯ ವಿವರಗಳನ್ನು ದಯವಿಟ್ಟು ಕಳುಹಿಸಿ: ಎಷ್ಟು ತರಗತಿ, ಎಷ್ಟು ಮಕ್ಕಳು, ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಪುಸ್ತಕ ಯಾವ ತಿಂಗಳು ಬಂತು. ಮಕ್ಕಳ ಹೆಸರು ಬೇಡ. ಗಡಿಭಾಗದ ಎರಡೂ ಬದಿಯ ಶಾಸಕರಿಗೆ, ಆಡಳಿತ ಮತ್ತು ವಿರೋಧ ಪಕ್ಷದವರೆನ್ನದೆ, ಅದನ್ನು ಪ್ರಶ್ನೆಯ ರೂಪದಲ್ಲಿ ಕಳುಹಿಸುತ್ತೇವೆ. ಖಾನಾಪುರ ಮತ್ತು ಬೆಳಗಾವಿ ತಾಲ್ಲೂಕುಗಳ ಮರಾಠಿ ಶಾಲೆಗಳ ಇಂಥದೇ ವಿವರವನ್ನು ಅಲ್ಲಿನ ಓದುಗರಿಂದಲೂ ಕೇಳುತ್ತಿದ್ದೇವೆ. ಮಹಾರಾಷ್ಟ್ರದ ನಾಗಪುರ ಅಧಿವೇಶನದಲ್ಲಾಗಲಿ ಸುವರ್ಣ ವಿಧಾನಸೌಧದಲ್ಲಾಗಲಿ ಯಾರು ಪ್ರಶ್ನೆ ಕೇಳಿದರು, ಮಂತ್ರಿ ಏನೆಂದರು ಎಂಬುದನ್ನು ಒಂದಕ್ಷರ ಬಿಡದೆ ಅಚ್ಚುಹಾಕುತ್ತೇವೆ. ಯಾರೂ ಕೇಳದಿದ್ದರೆ, ಯಾರಿಗೆ ಕಳುಹಿಸಿದ್ದೆವು ಎಂಬ ಪಟ್ಟಿಯನ್ನು ಅಚ್ಚುಹಾಕುತ್ತೇವೆ.

ಸಂಪಾದಕ