ಹಳೆ ಜೀಪ್ ಪಿಕಪ್‌ನ ಬ್ರೇಕ್ ಸಾಮಾನು ಸಿಗುತ್ತದೆ, ಕೇಳುವ ರೀತಿ ಬದಲಿಸಿ

ಅಜ್ಜನ ಕಾಲದ ಮಹೀಂದ್ರ ಜೀಪ್ ಪಿಕಪ್ ನಾಲ್ಕು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ, ಬ್ರೇಕ್ ಪೆಡಲ್ ಒತ್ತಿದರೆ ನೆಲ ಮುಟ್ಟುತ್ತದೆ, ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಅಂಗಡಿಯವರು "ಆ ಮಾಡೆಲ್ ಬಂದ್ ಆಗಿ ಎಷ್ಟೋ ಕಾಲ ಆಯ್ತು" ಅಂತ ವಾಪಸ್ ಕಳಿಸಿದರು, ಇನ್ನು ಡಿಸ್ಕ್ ಬ್ರೇಕ್ ಹಾಕಿಸಿಬಿಡಲೇ ಎಂದು ಕೇಳಿದ್ದೀರಿ. ಹಾಕಿಸಬೇಡಿ. ಸಾಮಾನು ಸಿಗುತ್ತದೆ. ನಾನೂ ನಿಮ್ಮ ಹಾಗೇ ಗಾಡಿಯ ಹೆಸರು ಹೇಳಿಕೊಂಡು ಅಂಗಡಿ ಅಂಗಡಿ ಅಲೆದವನು. ಹೆಸರು ಬಿಟ್ಟು ಅಳತೆ ಹೇಳಲು ಶುರುಮಾಡಿದ ಮೇಲೆ ಒಂದೇ ವಾರದಲ್ಲಿ ಎಲ್ಲ ಸಾಮಾನು ಕೈಗೆ ಬಂತು.

ಭರಮಸಾಗರದ ಹತ್ತಿರ ನಮ್ಮ ಜಮೀನು. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡ ಪಿಕಪ್ ಇನ್ನೂ ಇದೆ. ಅದರ ಕಾಗದ ಪತ್ರವೆಲ್ಲ ಚಿತ್ರದುರ್ಗದ್ದು, 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಗುವುದಕ್ಕೆ ಮುಂಚಿನದು. ಶೇಂಗಾ ಮೂಟೆ, ಗೊಬ್ಬರ, ಮೋಟರ್ ಪಂಪು ಎಲ್ಲ ಹೊತ್ತ ಗಾಡಿ. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಿತ್ತು. ಸ್ಟೀರಿಂಗ್ ದೋಷ ಅಂದುಕೊಂಡು ಎರಡು ಸಲ ಸ್ಟೀರಿಂಗ್ ಬಾಕ್ಸ್ ಬಿಚ್ಚಿಸಿದೆ. ಏನೂ ಆಗಲಿಲ್ಲ.

ಕೊನೆಗೆ ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಗಲ್ಲೆಯ ಮೇಲೆ ಕೂತಿದ್ದ ಹಿರಿಯರು ನನ್ನ ಮಾತು ಅರ್ಧಕ್ಕೇ ನಿಲ್ಲಿಸಿದರು. "ಗೌಡ್ರೆ, ಗಾಡಿ ಹೆಸರು ತಗೊಂಡು ನಾನೇನು ಮಾಡ್ಲಿ? ಅದಕ್ಕೆ ಯಾರ್ ಯಾರು ಏನೇನು ಕೂರಿಸಿದಾರೋ! ಸಿಲಿಂಡರ್ ಬಿಚ್ಕೊಂಡು ಬರ್ರಿ."

ಊರಿಗೆ ಹೋಗಿ ಮುಂದಿನ ಎರಡೂ ಡ್ರಮ್ ತೆಗೆದೆ. ಬ್ರೇಕ್ ಎಣ್ಣೆಯ ಒತ್ತಡದಿಂದ ಶೂಗಳನ್ನು ಡ್ರಮ್ಮಿಗೆ ತಳ್ಳುವ ವೀಲ್ ಸಿಲಿಂಡರ್ ಒರೆಸಿ, ಒಳವ್ಯಾಸಕ್ಕೆ ವರ್ನಿಯರ್ ಅಳತೆಗೋಲು ಹಿಡಿದೆ. ಎಡಗಡೆಯದು ಒಂದು ಇಂಚು, ಅಂದರೆ 25.4 ಮಿ.ಮೀ. ಬಲಗಡೆಯದು 22.2 ಮಿ.ಮೀ., ಅಂದರೆ 7/8 ಇಂಚು. ಮೂರು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಎಣ್ಣೆ ಒತ್ತುವ ಮುಖ ವ್ಯಾಸದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ. ಆ ಲೆಕ್ಕದಲ್ಲಿ ಎಡಗಡೆ ಶೂ ಬಲಗಡೆಯದಕ್ಕಿಂತ ಸುಮಾರು 30 ಶೇಕಡ ಹೆಚ್ಚು ಬಲದಿಂದ ಡ್ರಮ್ ಒತ್ತುತ್ತಿತ್ತು. ಗಾಡಿ ಎಡಕ್ಕೆ ಎಳೆಯದೆ ಇನ್ನೇನು ಮಾಡೀತು! ಯಾವ ಕಾಲದಲ್ಲೋ ಯಾರೋ ಕೈಗೆ ಸಿಕ್ಕಿದ್ದನ್ನು ಹಾಕಿ ಕಳಿಸಿದ್ದರು.

ನಿಮ್ಮ ಗಾಡಿಯಲ್ಲೂ ಹೀಗೇನಾದರೂ ಆಗಿರಬಹುದು. ನಲವತ್ತು ವರ್ಷ ದುಡಿದ ಪಿಕಪ್‌ನಲ್ಲಿ ಹಿಂದಿನ ಆಕ್ಸಲ್ ಒಂದು ಗಾಡಿಯದು, ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಇನ್ನೊಂದರದು ಇರುವುದು ನಮ್ಮ ಕಡೆ ಮಾಮೂಲು. ಹಾಗಾಗಿ ಮೊದಲು ನಾಲ್ಕೂ ಡ್ರಮ್ ಬಿಚ್ಚಿ. ಬಿಚ್ಚುವಾಗ ಒಂದು ಎಚ್ಚರ: ಹಳೆಯ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ತಿಳಿಯದೆ ಪಾನಾಕ್ಕೆ ಪೈಪ್ ಸಿಕ್ಕಿಸಿ ಎಳೆದರೆ ಬೋಲ್ಟೇ ಮುರಿಯುತ್ತದೆ. ಬಿಚ್ಚಿದ ಮೇಲೆ ಪ್ರತಿ ಸಿಲಿಂಡರ್‌ನ ಒಳವ್ಯಾಸ, ಡ್ರಮ್‌ನ ಒಳವ್ಯಾಸ, ಶೂ ಅಗಲ, ಹೋಸ್ ಪೈಪಿನ ಉದ್ದ ಮತ್ತು ಅದರ ಎರಡೂ ತುದಿಯ ಥ್ರೆಡ್ ಬರೆದಿಡಿ. ಎಷ್ಟೋ ಸಿಲಿಂಡರ್‌ಗಳ ಮೈಮೇಲೇ ಸೈಜು ಎರಕದಲ್ಲಿ ಮೂಡಿರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿದರೆ ಕಾಣುತ್ತದೆ. ಒಳಗಿನ ರಬ್ಬರ್ ವಾಷರ್ ಮೇಲೂ ಅಂಕಿ ಇರುವುದುಂಟು.

ಅಳತೆ ಇಂಚಿನಲ್ಲಿ ಬಂದರೆ ಗಾಬರಿ ಬೇಡ. ಈ ಜೀಪಿನ ಮೂಲ ಅಮೆರಿಕದ ವಿಲ್ಲಿಸ್. ಸಿಜೆ-3ಬಿ ಮಾಡೆಲ್ ಅಲ್ಲಿ 1953ರಲ್ಲಿ ಶುರುವಾಗಿ 1968ರಲ್ಲಿ ನಿಂತಿತು, ಮಹೀಂದ್ರದವರು ಆಮೇಲೂ ದಶಕಗಟ್ಟಲೆ ಅದೇ ವಿನ್ಯಾಸ ಮಾಡಿದರು. ಮೂಲ ಜೀಪಿನಲ್ಲಿ ಡ್ರಮ್ 9 ಇಂಚು, ಮುಂದಿನ ವೀಲ್ ಸಿಲಿಂಡರ್ ಒಂದು ಇಂಚು, ಹಿಂದಿನದು ಮುಕ್ಕಾಲು ಇಂಚು. ನಿಮ್ಮದು ಹೆಚ್ಚು ಭಾರದ ಪಿಕಪ್ ಆದರೆ ಡ್ರಮ್ಮೇ ದೊಡ್ಡದಿರಬಹುದು, ಅಳೆದೇ ನೋಡಬೇಕು. ಹಿಂದೆ ಮುಕ್ಕಾಲು ಇಂಚಿನದು ಸಿಗಲಿಲ್ಲ ಅಂತ ಯಾರಾದರೂ ಒಂದು ಇಂಚಿನದು ಕೂರಿಸಲು ಬಂದರೆ ಒಪ್ಪಬೇಡಿ. ಹಿಂದಿನ ಚಕ್ರಕ್ಕೆ ಒಂದೂಮುಕ್ಕಾಲು ಪಟ್ಟು ಬಲ ಬೀಳುತ್ತದೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ.

ಥ್ರೆಡ್ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ, ಇದು ಜೀವದ ಪ್ರಶ್ನೆ. ಹಳೆ ಬ್ರೇಕ್ ಪೈಪಿನ ನಟ್ ಸಾಮಾನ್ಯವಾಗಿ 3/8 ಇಂಚು, ಇಂಚಿಗೆ 24 ಥ್ರೆಡ್. ಈಗಿನ ಗಾಡಿಗಳದು 10 ಮಿ.ಮೀ. 3/8 ಇಂಚು ಅಂದರೆ 9.5 ಮಿ.ಮೀ. ಹಳೆ ನಟ್ ಹೊಸ ಸಿಲಿಂಡರಿಗೆ ಹಾಕಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಬಿಗಿಯಾದ ಹಾಗೂ ಅನಿಸುತ್ತದೆ. ಆದರೆ ಥ್ರೆಡ್ ತುದಿಯಷ್ಟೇ ಹಿಡಿದಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದ ದಿನ ಕಿತ್ತು ಬರುತ್ತದೆ. ಕೈಯಲ್ಲಿ ತಿರುಗಿಸುವಾಗ ನಟ್ ಅಲ್ಲಾಡಿದರೆ ಅದು ಆ ಸಿಲಿಂಡರಿನ ನಟ್ ಅಲ್ಲ. ಪೈಪಿನ ತುದಿ ಅರಳಿಸಿದ ಆಕಾರವೂ ಎರಡಕ್ಕೆ ಬೇರೆ ಬೇರೆ, ಹಾಗಾಗಿ ಹಳೆ ಪೈಪನ್ನೂ ಜೊತೆಗೆ ಒಯ್ಯಿರಿ.

ಇನ್ನು ಎಲ್ಲಿ ಸಿಗುತ್ತದೆ ಅಂದಿರಿ. ದಾವಣಗೆರೆಯಲ್ಲಿ ಕಾರಿನ ಅಂಗಡಿಗಿಂತ ಜೀಪು, ಟ್ರ್ಯಾಕ್ಟರ್ ಸಾಮಾನು ಮಾರುವ ಹಳೆ ಅಂಗಡಿಗಳಲ್ಲಿ ಕೇಳಿ. ಕಿಟ್ (ಸಿಲಿಂಡರಿನ ರಬ್ಬರ್ ಸಾಮಾನಿನ ಪ್ಯಾಕೆಟ್) ಮತ್ತು ವೀಲ್ ಸಿಲಿಂಡರ್ ಅಳತೆ ಹೇಳಿದರೆ ಅಲ್ಲೇ ಸಿಗುವ ಸಂಭವ ಹೆಚ್ಚು. ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ, ಬೆಳಗಿನ ರೈಲಿಗೆ ಹೋಗಿ ರಾತ್ರಿ ವಾಪಸ್ ಬರಬಹುದು. ದೆಹಲಿಯ ಕಾಶ್ಮೀರಿ ಗೇಟ್ ಮಾರುಕಟ್ಟೆಯ ವ್ಯಾಪಾರಿಗಳು ಕೊರಿಯರ್‌ನಲ್ಲಿ ಕಳಿಸುತ್ತಾರೆ. ಅಮೆರಿಕದಲ್ಲಿ ವಿಲ್ಲಿಸ್ ರಿಪೇರಿ ಮಾಡುವವರೂ ಎಷ್ಟೋ ಸಲ ಭಾರತದಲ್ಲಿ ತಯಾರಾದ ಬಿಡಿಭಾಗಗಳನ್ನೇ ತರಿಸುತ್ತಾರೆ. ನಮ್ಮ ದೇಶದಲ್ಲೇ ಇರುವ ಸಾಮಾನು ನಮಗೆ ಸಿಗುವುದಿಲ್ಲ ಅಂತ ಕೈಚೆಲ್ಲುವುದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಗುಜರಿಯಿಂದ ಏನು ತರಬಹುದು, ಏನು ತರಬಾರದು ಎಂಬುದರಲ್ಲಿ ನನ್ನದು ಖಡಾಖಂಡಿತ ಮಾತು. ಡ್ರಮ್, ಬ್ಯಾಕ್ ಪ್ಲೇಟ್, ಪೆಡಲ್ ತರಬಹುದು. ರಬ್ಬರ್ ಇರುವ ಯಾವುದನ್ನೂ ತರಬೇಡಿ, ಹೋಸ್ ಪೈಪನ್ನಂತೂ ಬೇಡವೇ ಬೇಡ. ಹೊರಗೆ ಗಟ್ಟಿಮುಟ್ಟಾಗಿ ಕಂಡ ಹಳೆ ಹೋಸ್ ಒಳಗೇ ಸಿಪ್ಪೆ ಎದ್ದು ಎಣ್ಣೆಯ ದಾರಿ ಕಟ್ಟಿರುತ್ತದೆ. ಅಂಗಡಿಯ ಕಿಟ್ಟೂ ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿರಬಹುದು. ಪ್ಯಾಕೆಟ್ ಮೇಲೆ ತಾರೀಖು ನೋಡಿ. ರಬ್ಬರನ್ನು ಬೆರಳಲ್ಲಿ ಮಡಚಿ ನೋಡಿ, ಗೆರೆ ಬಿಟ್ಟರೆ ವಾಪಸ್ ಕೊಡಿ.

ಎಣ್ಣೆ ಬಗ್ಗೆ ನನ್ನ ಅನುಭವ ಹೇಳಲೇಬೇಕು. ಒಮ್ಮೆ ಎಣ್ಣೆ ಕಡಿಮೆಯಾಗಿದೆ ಅಂತ ದಾರಿಯ ಗ್ಯಾರೇಜೊಂದರಲ್ಲಿ ಟಾಪಪ್ ಮಾಡಿಸಿದೆ. ಆ ಹುಡುಗ ಬ್ರೇಕ್ ಆಯಿಲ್ ಬದಲು ಕೈಗೆ ಸಿಕ್ಕಿದ ಎಂಜಿನ್ ಆಯಿಲ್ ಸುರಿದಿದ್ದ. ಎರಡೇ ದಿನಕ್ಕೆ ನಾಲ್ಕೂ ಚಕ್ರ ಹಿಡಿದುಕೊಂಡವು. ಡ್ರಮ್ ಮುಟ್ಟಿದರೆ ಕೈ ಸುಡುತ್ತಿತ್ತು. ಮಾಸ್ಟರ್ ಸಿಲಿಂಡರ್ ಬಿಚ್ಚಿದಾಗ ವಾಷರ್‌ಗಳು ರಾತ್ರಿ ನೀರಲ್ಲಿ ನೆನೆಹಾಕಿದ ಶೇಂಗಾ ಬೀಜದ ಹಾಗೆ ಊದಿ ಮೆತ್ತಗಾಗಿದ್ದವು. ಒಂದನ್ನು ಹೊಸದರ ಪಕ್ಕ ಇಟ್ಟರೆ ಅದೇ ಸೈಜು ಅಂತ ಹೇಳಲು ಸಾಧ್ಯವಿರಲಿಲ್ಲ. ಎಂಜಿನ್ ಆಯಿಲ್, ಡೀಸೆಲ್, ಪೆಟ್ರೋಲ್ ಯಾವುದೂ ಆ ರಬ್ಬರಿಗೆ ತಾಗಬಾರದು, ತೊಳೆಯುವುದಕ್ಕೂ ಬೇಡ. ಬ್ರೇಕ್ ಆಯಿಲ್‌ನಿಂದಲೇ ತೊಳೆಯಿರಿ. ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್, ಸೀಲ್ ಒಡೆಯದ ಡಬ್ಬಿ ತನ್ನಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಹೊಸದಾಗಿದ್ದಾಗ 205 ಡಿಗ್ರಿಯ ತನಕ ಕುದಿಯುವುದಿಲ್ಲ, ತೇವ ಹೀರಿದ ಮೇಲೆ 140ಕ್ಕೇ ಕುದಿಯಬಹುದು. ನಾಲ್ಕು ವರ್ಷ ನಿಂತ ನಿಮ್ಮ ಗಾಡಿಯ ಎಣ್ಣೆ ಪೂರ್ತಿ ಚೆಲ್ಲಲೇಬೇಕು.

ಇಷ್ಟೆಲ್ಲ ಮಾಡಿಯೂ ಮಾಸ್ಟರ್ ಸಿಲಿಂಡರ್ ಸಿಗದಿದ್ದರೆ ಹಳೆಯದಕ್ಕೇ ಸ್ಲೀವ್ ಹಾಕಿಸಬಹುದು. ಈ ವಿಷಯದಲ್ಲಿ ನಮ್ಮ ಸೀಮೆ ಪುಣ್ಯ ಮಾಡಿದೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಷಿನ್ನುಗಳನ್ನೇ ತಯಾರಿಸುತ್ತಿದ್ದರು. ಕಾರ್ಖಾನೆ ಮುಚ್ಚಿದರೂ ಆ ಕೈಕಸುಬು ಹರಿಹರ, ದಾವಣಗೆರೆಯ ಸಣ್ಣ ಲೇತ್ ಶೆಡ್ಡುಗಳಲ್ಲಿ ಉಳಿದಿದೆ. ನನ್ನ ಕೆಲಸ ಮಾಡಿಕೊಟ್ಟವರು ಎಪ್ಪತ್ತರ ಹತ್ತಿರದ ಚಾಚಾ. ತುಕ್ಕು ತಿಂದು ಗುಂಡಿ ಬಿದ್ದ ಒಳಮೈಯನ್ನು ಅಗಲಿಸಿ, ಹಿತ್ತಾಳೆ ಕೊಳವೆ ಒತ್ತಿ ಕೂರಿಸಿ, ಮತ್ತೆ ಒಂದು ಇಂಚಿಗೆ ತಂದರು. ನಾನು "ಆಯ್ತಲ್ಲ ಚಾಚಾ, ಕೊಡ್ರಿ" ಅಂದೆ. "ತಡೀರಿ, ಉಸಿರಿನ ತೂತು ಬಾಕಿ ಐತೆ" ಅಂದರು. ಎಣ್ಣೆ ಡಬ್ಬಿಯಿಂದ ಸಿಲಿಂಡರಿಗೆ ಇಳಿಯುವ ಸೂಜಿಮೊನೆಯಷ್ಟು ತೂತು ಸ್ಲೀವ್ ಹಾಕಿದಾಗ ಮುಚ್ಚಿಹೋಗುತ್ತದೆ. ಅದನ್ನು ಅದೇ ಜಾಗದಲ್ಲಿ ಮತ್ತೆ ಕೊರೆದು ಒಳಗಿನ ಚೂಪು ಅಂಚನ್ನು ನಯ ಮಾಡಬೇಕು. ಮರೆತರೆ ಪೆಡಲ್ ಬಿಟ್ಟರೂ ಎಣ್ಣೆ ವಾಪಸ್ ಹೋಗದೆ ಬ್ರೇಕ್ ಹಿಡಿದೇ ಇರುತ್ತದೆ, ಅಂಚು ಚೂಪಾಗಿದ್ದರೆ ಹೊಸ ವಾಷರ್ ಹರಿಯುತ್ತದೆ. ಈ ತೂತಿನ ಬಗ್ಗೆ ಕೇಳಿದಾಗ ಕಣ್ ಕಣ್ ಬಿಡುವ ಲೇತಿನವರಿಗೆ ಸಿಲಿಂಡರ್ ಕೊಡಬೇಡಿ.

ಶೂ ಸಿಗದಿದ್ದರೆ ಚಿಂತೆಯೇ ಇಲ್ಲ, ಹಳೆ ಶೂಗೆ ಹೊಸ ಲೈನರ್ (ಡ್ರಮ್ಮಿಗೆ ಉಜ್ಜುವ ಪಟ್ಟಿ) ರಿವೆಟ್ ಹೊಡೆಸಿ. ಡ್ರಮ್‌ನಲ್ಲಿ ಗೀರು ಬಿದ್ದಿದ್ದರೆ ಲೇತಿಗೆ ಕೊಡಿ, ವ್ಯಾಸದಲ್ಲಿ ಒಂದೂವರೆ ಮಿ.ಮೀ.ಗಿಂತ ಹೆಚ್ಚು ತೆಗೆಸಬೇಡಿ, ಎಡಬಲ ಎರಡೂ ಒಂದೇ ಅಳತೆಗೆ ಬರಲಿ. ಹಳೆ ಲೈನರ್‌ನಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಧೂಳಿಗೆ ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಬಾಯಿಂದಲೂ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿಗೆ ಕಟ್ಟಿ ಬಿಸಾಕಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಒಂದು ಚಕ್ರ ಜೋಡಿಸಿ ಮುಗಿಯುವ ತನಕ ಆಚೆ ಬದಿಯ ಚಕ್ರ ಹಾಗೇ ಇರಲಿ, ಯಾವ ಸ್ಪ್ರಿಂಗ್ ಎಲ್ಲಿ, ಉದ್ದ ಲೈನರ್ ಯಾವ ಕಡೆ ಅಂತ ಅದನ್ನೇ ನೋಡಿ ಜೋಡಿಸಬಹುದು.

ಡಿಸ್ಕ್ ಬೇಡ ಅಂದದ್ದಕ್ಕೆ ಕಾರಣ: ಡ್ರಮ್‌ಗೆ ಮಾಡಿದ ಮಾಸ್ಟರ್ ಸಿಲಿಂಡರ್ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳುತ್ತದೆ, ಅದಕ್ಕೆ ಡಿಸ್ಕ್ ಜೋಡಿಸಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಪೆಡಲ್ ಹಗುರ ಮಾಡುವ ಬೂಸ್ಟರ್ ಇಲ್ಲದ ಗಾಡಿಯಲ್ಲಿ ಪೆಡಲೂ ಕಲ್ಲಿನ ಹಾಗೆ ಆಗುತ್ತದೆ. ಹಬ್‌ನಿಂದ ಹಿಡಿದು ಎಲ್ಲ ಬದಲಿಸಬೇಕು. ಆ ಖರ್ಚಿನಲ್ಲಿ ಮೂಲ ಬ್ರೇಕನ್ನೇ ಹೊಸದರ ಹಾಗೆ ಮಾಡಬಹುದು.

ಎಲ್ಲ ಜೋಡಿಸಿದ ಮೇಲೆ ಬ್ರೇಕ್ ಲೈನಿನಲ್ಲಿ ಸೇರಿದ ಏರ್ ತೆಗೆಯಲು ಇಬ್ಬರು ಬೇಕು. ನಾನು ಗಾಡಿ ಕೆಳಗೆ, ತಮ್ಮನ ಮಗ ಪೆಡಲ್ ಮೇಲೆ. "ಒತ್ತಪ್ಪಾ... ಹಿಡ್ಕೋ... ಬಿಡು." "ಬಿಟ್ಟೆ ದೊಡ್ಡಪ್ಪಾ." ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ. ವೀಲ್ ಸಿಲಿಂಡರಿನಲ್ಲಿ ಏರ್ ಬಿಡಲು ಇರುವ ನಿಪ್ಪಲ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಅದರ ತುದಿ ಗಾಜಿನ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಲಿ. ಮೊದಲು ಕಾಫಿ ಕಷಾಯದ ಬಣ್ಣದ್ದು ಬರುತ್ತದೆ, ಗುಳ್ಳೆ ಬರುತ್ತವೆ. ಆಮೇಲೆ ತಿಳಿ ಎಣ್ಣೆ, ಗುಳ್ಳೆಯಿಲ್ಲದೆ. ನಡುವೆ ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಪೆಡಲ್‌ಗೆ ಅರ್ಧ ಇಂಚು ಫ್ರೀ ಪ್ಲೇ, ಅಂದರೆ ಬಿಗಿ ಸಿಗುವ ಮುಂಚಿನ ಸಡಿಲ, ಇರಲಿ.

ಈ ಹಳೆ ಬ್ರೇಕಿಗೆ ನಾಲ್ಕೂ ಚಕ್ರಕ್ಕೆ ಒಂದೇ ಲೈನು, ಎಲ್ಲೇ ಸೋರಿದರೂ ನಾಲ್ಕೂ ಹೋಗುತ್ತವೆ. ಆದ್ದರಿಂದ ಗಾಡಿ ಶೆಡ್ಡಿನಿಂದ ಹೊರಡುವ ಮುಂಚೆ ಹ್ಯಾಂಡ್ ಬ್ರೇಕ್ ಸರಿಮಾಡಿಸಿ. ಆಮೇಲೆ ಒಂದು ನಿಮಿಷ ಪೆಡಲ್ ಒತ್ತಿ ಹಿಡಿದು, ಅದು ನಿಧಾನಕ್ಕೆ ಇಳಿಯುತ್ತದೆಯೇ ನೋಡಿ. ಇಳಿದರೆ ಎಲ್ಲೋ ಸೋರುತ್ತಿದೆ, ರಸ್ತೆಗೆ ತರಬೇಡಿ. ಇಳಿಯದಿದ್ದರೆ ಕಣದಲ್ಲಿ ನಾಲ್ಕು ಸುತ್ತು ಹಾಕಿ, ನಿಂತ ಮೇಲೆ ನಾಲ್ಕೂ ಡ್ರಮ್ ಮುಟ್ಟಿ ನೋಡಿ, ಬಿಸಿ ಸಮವಾಗಿರಬೇಕು.

ಮೊದಲು ಸಿಲಿಂಡರ್‌ಗಳ ಒಳವ್ಯಾಸ ಮತ್ತು ಡ್ರಮ್ ಅಳತೆ ಇಲ್ಲೇ ಬರೆದು ಹಾಕಿ. ಯಾವ ಕಿಟ್ ಕೇಳಬೇಕು ಅಂತ ಹೇಳುತ್ತೇನೆ.