ಹಳೆಯ ಸ್ಟ್ರಾಂಗ್‌ಲೈಟ್ 49ಡಿ ಕ್ರ್ಯಾಂಕ್: ದುಡ್ಡು ಕೊಡುವ ಮುಂಚೆ ಥ್ರೆಡ್ ನೋಡಿ

ಟೂರಿಂಗ್ ಸೈಕಲ್‌ಗೆ ಸ್ಟ್ರಾಂಗ್‌ಲೈಟ್ ಅನ್ನೋ ಫ್ರೆಂಚ್ ಕಂಪನಿಯ 49ಡಿ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಸಿಕ್ಕಿದೆ, ಫೋಟೋ ನೋಡಿ ತೆಗೆದುಕೊಳ್ಳಬಹುದಾ ಅಂತ ಕೇಳಿದ್ದೀರಿ. ತೆಗೆದುಕೊಳ್ಳಿ. ಆದರೆ ಮಾರುವವರಿಂದ ಇನ್ನೆರಡು ಫೋಟೋ ತರಿಸಿಕೊಳ್ಳಿ.

ಮೊದಲನೆಯದು ಪುಲ್ಲರ್ (ಕ್ರ್ಯಾಂಕನ್ನು ಆಕ್ಸಲ್‌ನಿಂದ ಎಳೆದು ತೆಗೆಯುವ ಸಲಕರಣೆ) ಕೂರುವ ಥ್ರೆಡ್‌ನದು. ಈಗಿನ ಪುಲ್ಲರ್ 22 ಮಿ.ಮೀ. ಹಳೆಯ ಸ್ಟ್ರಾಂಗ್‌ಲೈಟ್‌ಗೆ ಬೇಕಾದ್ದು 23.35. ಟಿ.ಎ. ಅನ್ನೋ ಇನ್ನೊಂದು ಫ್ರೆಂಚ್ ಕಂಪನಿಯ ಕ್ರ್ಯಾಂಕಿನ 23ರ ಪುಲ್ಲರ್ ಕೂಡ ಆಗುವುದಿಲ್ಲ. ಗೊತ್ತಿಲ್ಲದೆ 22ರದ್ದು ಹಾಕಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ನಾನು ಒಂದು ಒಳ್ಳೆಯ ಎಡಗಡೆ ಕ್ರ್ಯಾಂಕನ್ನು ಹಾಗೇ ಹಾಳು ಮಾಡಿದ್ದೇನೆ. ಇವತ್ತಿಗೂ ಬೇಜಾರಿದೆ.

ಎರಡನೆಯದು ಪೆಡಲ್ ತೂತು. ಹಳೆಯ ಫ್ರೆಂಚ್ ಅಳತೆ 14 ಮಿ.ಮೀ., ಈಗಿನ ಪೆಡಲ್ 9/16 ಇಂಚು, ಅಂದರೆ ಸುಮಾರು 14.3. ಹಾಗೇ ಕೂರುವುದಿಲ್ಲ, ಟ್ಯಾಪ್ ಹಾಕಿಸಿ ಹೊಸ ಥ್ರೆಡ್ ಕೊರೆಸಬೇಕು. ಅನುಭವ ಇರುವ ಮೆಕ್ಯಾನಿಕ್‌ಗೆ ದೊಡ್ಡ ಕೆಲಸವೇನಲ್ಲ.

ಚೈನ್‌ರಿಂಗ್ (ಕ್ರ್ಯಾಂಕಿಗೆ ಕೂರುವ, ಚೈನ್ ಓಡುವ ಹಲ್ಲಿನ ಚಕ್ರ) ಸವೆದಿದ್ದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಟಿ.ಎ. ಸೈಕ್ಲೋಟೂರಿಸ್ಟ್ ರಿಂಗ್‌ಗಳು ಇದಕ್ಕೆ ಕೂರುತ್ತವೆ, 26 ಹಲ್ಲಿನಷ್ಟು ಚಿಕ್ಕವೂ ಇವೆ. ಸಾಮಾನು ಹೇರಿಕೊಂಡು ಘಾಟಿ ಹತ್ತುವವರಿಗೆ ಇದಕ್ಕಿಂತ ಜಾಸ್ತಿ ಏನು ಬೇಕು, ಅಲ್ವಾ? ಆದರೆ ಕ್ರ್ಯಾಂಕಿನಲ್ಲಿ ಆಕ್ಸಲ್ ಕೂರುವ ಚೌಕ ತೂತಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಬಿಟ್ಟುಬಿಡಿ.